ಗೋಡಾಟ್‌ನಲ್ಲಿ ಆಟ ಕಟ್ಟಿ ಏಜೆಂಟ್‌ಗೆ ಆಡಲು ಕಲಿಸುವುದು ಹೇಗೆ?

ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ (ಪ್ರಯತ್ನಿಸುತ್ತ, ಸಿಕ್ಕ ಅಂಕ ನೋಡುತ್ತ ಪ್ರೋಗ್ರಾಂ ತಾನೇ ಕಲಿಯುವ ವಿಧಾನ; ಹಾಗೆ ಕಲಿಯುವ ಪ್ರೋಗ್ರಾಂ ‘ಏಜೆಂಟ್’) ಕಲಿಯಲೋ ಕಲಿಸಲೋ ಒಂದು ಗೇಮ್ ಎಂಜಿನ್ ಬೇಕಿದ್ದರೆ ಗೋಡಾಟ್ ಹಿಡಿಯಿರಿ. 2014ರಿಂದ ಅದರ ಸೋರ್ಸ್ ಕೋಡ್ ಎಂಐಟಿ ಲೈಸೆನ್ಸ್‌ನಡಿ ಮುಕ್ತವಾಗಿದೆ. ಯೂನಿಟಿಯಲ್ಲಿ ಇದೇ ಕೆಲಸಕ್ಕಿರುವ ಎಂಎಲ್-ಏಜೆಂಟ್ಸ್ ಟೂಲ್‌ಕಿಟ್ ಮುಕ್ತವೇ ಹೊರತು ಎಂಜಿನ್ ಅಲ್ಲ. ವಿಜ್‌ಡೂಮ್ ಮುಕ್ತವಾದರೂ ಡೂಮ್ ಆಟದ ಚೌಕಟ್ಟನ್ನು ದಾಟುವುದಿಲ್ಲ.

ಮೊದಲು ಗೋಡಾಟ್ 4ರ ಡಾಟ್‌ನೆಟ್ ಆವೃತ್ತಿ (ಸಿ ಶಾರ್ಪ್ ಭಾಷೆಯ ಬೆಂಬಲವಿರುವುದು) ಇಳಿಸಿಕೊಳ್ಳಿ. ತರಬೇತಿಗೆ ಸಾಮಾನ್ಯ ಆವೃತ್ತಿಯೇ ಸಾಕು, ಆದರೆ ಕಲಿತ ಮಾಡೆಲನ್ನು ಕೊನೆಗೆ ಆಟದೊಳಗೆ ಓಡಿಸಲು ಡಾಟ್‌ನೆಟ್ ಬೇಕೇಬೇಕು. ಅಸೆಟ್ ಲೈಬ್ರರಿಯಿಂದ, ಆಟವನ್ನು ಪೈಥಾನ್‌ಗೆ ಜೋಡಿಸುವ ಗೋಡಾಟ್ ಆರ್‌ಎಲ್ ಏಜೆಂಟ್ಸ್ ಪ್ಲಗಿನ್ ಸೇರಿಸಿ, ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿ. ಪೈಥಾನ್ ಕಡೆ ಪ್ರತ್ಯೇಕ ವರ್ಚುವಲ್ ಎನ್ವಿರಾನ್ಮೆಂಟ್ ತೆರೆದು, ಪಿಪ್ ಮೂಲಕ ಗೋಡಾಟ್ ಆರ್‌ಎಲ್ ಮತ್ತು ಸ್ಟೇಬಲ್ ಬೇಸ್‌ಲೈನ್ಸ್ 3 (ಸಿದ್ಧ ಕಲಿಕಾ ಅಲ್ಗಾರಿದಂಗಳ ಲೈಬ್ರರಿ) ಹಾಕಿಕೊಳ್ಳಿ.

ಆಟ ಚಿಕ್ಕದಿರಲಿ: 1000 × 600 ಪಿಕ್ಸೆಲ್ ಅಂಗಳ, ಒಬ್ಬ ಆಟಗಾರ, ಒಂದು ಗುರಿ. ಗುರಿ ಮುಟ್ಟಿದ ಕೂಡಲೇ ಅದು ಬೇರೆಡೆಗೆ ಜಿಗಿಯುತ್ತದೆ. ಆಟಗಾರನ ಕೆಳಗೆ ಏಜೆಂಟನ್ನು ಆಟಕ್ಕೆ ಬೆಸೆಯುವ ಎಐ ಕಂಟ್ರೋಲರ್ 2ಡಿ ನೋಡ್, ಮುಖ್ಯ ದೃಶ್ಯದಲ್ಲಿ ಪೈಥಾನ್ ಜೊತೆಗಿನ ಸಂಪರ್ಕ ನೋಡಿಕೊಳ್ಳುವ ಸಿಂಕ್ ನೋಡ್ ಇಡಿ (ನೋಡ್ ಎಂದರೆ ಗೋಡಾಟ್ ದೃಶ್ಯದ ಒಂದು ಘಟಕ). ಚಲನೆಯ ಕೋಡೆಲ್ಲ ಫಿಸಿಕ್ಸ್ ಪ್ರೋಸೆಸ್‌ನಲ್ಲೇ (ನಿಗದಿತ ಲಯದಲ್ಲಿ ಓಡುವ ಫಂಕ್ಷನ್) ಇರಬೇಕು. ಪರದೆಯ ಫ್ರೇಮ್‌ಗೆ ಅಂಟಿದ ಕೋಡ್, ತರಬೇತಿಯ ವೇಗ ಏರಿಸಿದ ತಕ್ಷಣ ಬೇರೆ ರೀತಿ ನಡೆದುಕೊಳ್ಳುತ್ತದೆ.

ಕಂಟ್ರೋಲರ್‌ನಲ್ಲಿ ನೀವು ಬರೆಯಬೇಕಾದದ್ದು ಏಜೆಂಟ್ ಏನು ನೋಡುತ್ತದೆ, ಏನು ಮಾಡಬಲ್ಲದು, ಎಷ್ಟು ಅಂಕ ಪಡೆಯುತ್ತದೆ ಎಂಬ ಕೆಲವು ಫಂಕ್ಷನ್‌ಗಳನ್ನು. ಹೊಸಬರು ಅಲ್ಗಾರಿದಂ ಬದಲಿಸುತ್ತ ಕೂರುತ್ತಾರೆ. ತೊಂದರೆ ಹೆಚ್ಚಾಗಿ ಇಲ್ಲೇ ಇರುತ್ತದೆ.

ನೋಟಕ್ಕೆ ನಾಲ್ಕೇ ಸಂಖ್ಯೆ ಸಾಕು: ಆಟಗಾರನಿಂದ ಗುರಿಗಿರುವ ಅಂತರದ ಎರಡು ಅಂಶ, ವೇಗದ ಎರಡು ಅಂಶ. ಅಂತರವನ್ನು ಅಂಗಳದ ಕರ್ಣದಿಂದ (ಸುಮಾರು 1166), ವೇಗವನ್ನು ಗರಿಷ್ಠ ವೇಗದಿಂದ ಭಾಗಿಸಿ, ಎಲ್ಲವೂ -1 ಮತ್ತು 1ರ ನಡುವೆ ಬರಲಿ. ಕಚ್ಚಾ ಪಿಕ್ಸೆಲ್ ಸಂಖ್ಯೆ ಕೊಟ್ಟರೆ ಏಜೆಂಟ್‌ನ ನ್ಯೂರಲ್ ನೆಟ್‌ವರ್ಕ್ ತಡಬಡಾಯಿಸುತ್ತದೆ. ಗ್ಲೋಬಲ್ ಸ್ಥಾನವನ್ನಂತೂ ಕೊಡಲೇಬೇಡಿ. ಮುಂದೆ ಇದೇ ಅಂಗಳದ 16 ಪ್ರತಿಗಳನ್ನು ಒಂದೇ ದೃಶ್ಯದಲ್ಲಿಟ್ಟು ಕಲಿಕೆಗೆ ವೇಗ ಕೊಡುವಾಗ ಪ್ರತಿ ಅಂಗಳದ ಸಂಖ್ಯೆಯೂ ಬೇರೆಯಾಗಿಬಿಡುತ್ತದೆ.

ಅಂಕದ ವಿಷಯ ಇನ್ನೂ ಸೂಕ್ಷ್ಮ. ಗುರಿ ಮುಟ್ಟಿದರೆ 1 ಅಂಕ. ಅದಷ್ಟೇ ಇದ್ದರೆ ಆರಂಭದಲ್ಲಿ ಆಕಸ್ಮಿಕವಾಗಿ ಮುಟ್ಟುವವರೆಗೆ ಏಜೆಂಟ್‌ಗೆ ಯಾವ ಸುಳಿವೂ ಇಲ್ಲ. ಹಾಗೆಂದು ಹತ್ತಿರ ಇದ್ದದ್ದಕ್ಕೆ ಅಂಕ ಕೊಟ್ಟಿರೋ, ಅದು ಗುರಿಯನ್ನು ಮುಟ್ಟದೆ ಪಕ್ಕದಲ್ಲೇ ಸುಳಿದಾಡಿ ಅಂಕ ಬಾಚಿಕೊಳ್ಳುತ್ತದೆ. ಅಂತರ ಎಷ್ಟು ಕಡಿಮೆಯಾಯಿತೋ ಅಷ್ಟಕ್ಕೆ ಮಾತ್ರ ಕೊಡಿ: ಹಿಂದಿನ ಅಂತರದಿಂದ ಈಗಿನದನ್ನು ಕಳೆದು 1166ರಿಂದ ಭಾಗಿಸಿ. ಇಲ್ಲೊಂದು ಗುಂಡಿ ಇದೆ. ಗುರಿ ಹೊಸ ಜಾಗಕ್ಕೆ ಹೋದಾಗ ‘ಹಿಂದಿನ ಅಂತರ’ವನ್ನೂ ಹೊಸದಾಗಿ ಲೆಕ್ಕ ಹಾಕದಿದ್ದರೆ, ಅಂತರ 0ಯಿಂದ 500ಕ್ಕೆ ನೆಗೆದಂತಾಗಿ, ಮುಟ್ಟಿದ ಮರುಕ್ಷಣ ಸುಮಾರು 0.43 ಅಂಕ ಕಡಿತವಾಗುತ್ತದೆ. ಗೆದ್ದದ್ದಕ್ಕೇ ದಂಡ!

ಅಂಕವನ್ನು ರಿವಾರ್ಡ್ ವೇರಿಯಬಲ್‌ಗೆ ಕೂಡಿಸುತ್ತ ಹೋಗಿ, ಅದರ ಮೇಲೆ ಬರೆಯಬೇಡಿ. ಆ್ಯಕ್ಷನ್ ರಿಪೀಟ್ 8 ಎಂದಿದ್ದರೆ ಏಜೆಂಟ್ 8 ಫಿಸಿಕ್ಸ್ ಫ್ರೇಮ್‌ಗೊಮ್ಮೆ ಮಾತ್ರ ನಿರ್ಧರಿಸುತ್ತದೆ, ಅಂದರೆ ಸೆಕೆಂಡಿಗೆ 60 ಫಿಸಿಕ್ಸ್ ಫ್ರೇಮ್ ಇರುವಾಗ ಸೆಕೆಂಡಿಗೆ 7.5 ಸಲ. ಮೇಲೆ ಬರೆದರೆ ನಡುವಿನ 7 ಫ್ರೇಮ್‌ಗಳ ಅಂಕ ಹೋಯಿತೆಂದೇ ಲೆಕ್ಕ.

ತರಬೇತಿಗೆ ಮುಂಚೆ ಸಿಂಕ್ ನೋಡನ್ನು ಹ್ಯೂಮನ್ ಮೋಡ್‌ಗೆ ಹಾಕಿ, ಕೀಬೋರ್ಡ್‌ನಿಂದ ನೀವೇ ಆಡಿ, ಅಂಕವನ್ನು ಪರದೆಗೆ ಪ್ರಿಂಟ್ ಮಾಡಿಸಿ. ಚೆನ್ನಾಗಿ ಆಡಿದರೂ ಅಂಕ ಏರದಿದ್ದರೆ ಏಜೆಂಟ್‌ನದೇನೂ ತಪ್ಪಿಲ್ಲ.

ಬಳಿಕ ಟ್ರೇನಿಂಗ್ ಮೋಡ್‌ಗೆ ಬದಲಿಸಿ, ಮೊದಲು ತರಬೇತಿಯ ಪೈಥಾನ್ ಸ್ಕ್ರಿಪ್ಟ್ ಓಡಿಸಿ. ಅದು 11008 ಪೋರ್ಟ್‌ನಲ್ಲಿ ಕಾಯುತ್ತಿದೆ ಎಂದು ತೋರಿಸಿದ ಮೇಲೆ ಗೋಡಾಟ್‌ನಲ್ಲಿ ಪ್ಲೇ ಒತ್ತಿ. ಕ್ರಮ ತಿರುವುಮುರುವಾದರೆ ಸಂಪರ್ಕ ಸಿಗದೆ ಆಟ ಹ್ಯೂಮನ್ ಮೋಡ್‌ಗೆ ಜಾರುತ್ತದೆ. ಸ್ಪೀಡ್ ಅಪ್ 8ರಿಂದ ಶುರುಮಾಡಿ. ವಸ್ತುಗಳು ಗೋಡೆ ತೂರಿದರೆ ಇಳಿಸಿ.

ಸರಾಸರಿ ಅಂಕದ ಸಾಲು ಲಾಗ್‌ನಲ್ಲಿ ಕಾಣಿಸದಿದ್ದರೆ ಎಪಿಸೋಡ್ (ಆರಂಭದಿಂದ ರೀಸೆಟ್‌ವರೆಗಿನ ಒಂದು ಸುತ್ತು) ಮುಗಿಯುತ್ತಿಲ್ಲ ಎಂದರ್ಥ. ಕಂಟ್ರೋಲರ್ ರೀಸೆಟ್ ಬೇಕೆಂದು ಸೂಚಿಸಿದಾಗ ಆಟವನ್ನು ಮೊದಲಿನ ಸ್ಥಿತಿಗೆ ತಂದು ಡನ್ ಎಂದು ಗುರುತಿಸುವುದು ನಿಮ್ಮ ಕೋಡ್‌ನ ಕೆಲಸ. ಒಂದೇ ಓಟದ ಫಲಿತಾಂಶ ನಂಬಬೇಡಿ, ಕನಿಷ್ಠ 3 ಬೇರೆ ಸೀಡ್‌ಗಳಿಂದ (ಯಾದೃಚ್ಛಿಕತೆಯ ಆರಂಭ ಸಂಖ್ಯೆ) ಓಡಿಸಿ ನೋಡಿ.

ಕಲಿತ ಮಾಡೆಲನ್ನು ಓಎನ್‌ಎನ್‌ಎಕ್ಸ್ (ಮಾಡೆಲನ್ನು ಬೇರೆಡೆ ಓಡಿಸಲು ಇರುವ ಮುಕ್ತ ಮಾದರಿ) ಫೈಲ್ ಆಗಿ ಉಳಿಸಿ, ಸಿಂಕ್ ನೋಡ್‌ಗೆ ಅದರ ದಾರಿ ಕೊಟ್ಟು ಇನ್‌ಫರೆನ್ಸ್ ಮೋಡ್ ಆರಿಸಿ. ಪ್ರಾಜೆಕ್ಟ್‌ನಲ್ಲಿ ಸಿ ಶಾರ್ಪ್ ಸಲ್ಯೂಷನ್ ಮತ್ತು ಓಎನ್‌ಎನ್‌ಎಕ್ಸ್ ರನ್‌ಟೈಮ್ ಪ್ಯಾಕೇಜ್ ಎರಡೂ ಇರಬೇಕು. ಆ್ಯಕ್ಷನ್ ರಿಪೀಟ್ ತರಬೇತಿಯಲ್ಲಿದ್ದಷ್ಟೇ ಇರಲಿ. 8ರಲ್ಲಿ ಕಲಿತದ್ದನ್ನು 1ರಲ್ಲಿ ಓಡಿಸಿದರೆ ಅದು ಕಲಿತ ಲಯವೇ ತಪ್ಪಿ, ಆಟಗಾರ ನಿಂತಲ್ಲೇ ನಡುಗಬಹುದು.