ನನ್ನ ಸೋಲೋಗಳನ್ನು ಸಂಸ್ಥೆಯ ಹೆಸರಿಗೆ ಮಾಡಿದ್ದು

ಅನುದಾನದ ಅರ್ಜಿಯೊಂದರಲ್ಲಿ ಹೀಗೊಂದು ಪ್ರಶ್ನೆ ಇತ್ತು: ಮುಖ್ಯ ಕಲಾವಿದರು ಬರಲಾಗದಿದ್ದರೆ ಕಾರ್ಯಕ್ರಮ ಹೇಗೆ ನಡೆಯುತ್ತದೆ? ನಿಜವಾದ ಉತ್ತರ, ನಡೆಯುವುದಿಲ್ಲ. ಆಗ ನೃತ್ಯ ಕಟ್ಟುವುದು ನಾನು, ಮಾಡುವುದು ನಾನು, ಹಾಲ್ ಬುಕ್ ಮಾಡಿ ಲೈಟಿನವರ ಜೊತೆ ಕೂರುವುದೂ ನಾನೇ. ಲಾಭರಹಿತ ಸಂಸ್ಥೆ ಅಂತ ನೋಂದಣಿ ಆಗಿದ್ದರೂ ತಂಡ ಅನ್ನೋದು ಲೆಟರ್‌ಹೆಡ್ಡಿನಲ್ಲಿ ಮಾತ್ರ ಇತ್ತು.

ಆಧುನಿಕ ನೃತ್ಯದಲ್ಲಿ ಇದೇನೂ ಹೊಸದಲ್ಲ. ಈ ಕಲೆ ಬೆಳೆದದ್ದೇ ಸೋಲೋಗಳಿಂದ, ಅಂದರೆ ಒಬ್ಬರೇ ಮಾಡುವ ನೃತ್ಯಗಳಿಂದ. ಲೋಯಿ ಫುಲ್ಲರ್ ರೇಷ್ಮೆ ಬಟ್ಟೆಯ ಮೇಲೆ ಬಣ್ಣದ ಬೆಳಕು ಬಿಟ್ಟುಕೊಂಡು ಒಬ್ಬರೇ ಕುಣಿದರು. ಇಸಡೋರಾ ಡಂಕನ್ ಬರಿಗಾಲಲ್ಲಿ ಕುಣಿದರು. ಮೇರಿ ವಿಗ್‌ಮನ್ 1914ರಲ್ಲಿ ತಮ್ಮ ಮಾಟಗಾತಿ ನೃತ್ಯ ಮಾಡಿದ್ದೂ ಒಬ್ಬರೇ. ಹೀಗೆ ಕುಣಿಯುವವರ ಆಸ್ತಿಯೆಲ್ಲ ಮೈಯಲ್ಲೇ ಇರುತ್ತದೆ. ಅದು ಮೈಯಿಂದ ಹೊರಗೆ ಬಂದು ಸಂಸ್ಥೆಯ ಕೈಗೆ ಸಿಗದಿದ್ದರೆ, ನೋಂದಣಿ ಪತ್ರ ಇಟ್ಟುಕೊಂಡು ಏನು ಮಾಡುವುದು? ನಾನು ಅದನ್ನು ಹೊರಗೆ ತಂದದ್ದು ಹೇಗೆ ಅಂತ ಬರೆಯುತ್ತೇನೆ.

ಮೊದಲು ಆಡಳಿತ ಮಂಡಳಿ. ಸೇರುತ್ತೇವೆ ಅಂತ ಮುಂದೆ ಬಂದವರೆಲ್ಲ ಗೆಳೆಯರು, ಅಭಿಮಾನಿಗಳು. ಅವರಿಗೆ ಬೇಡ ಅಂದೆ. ಸ್ವಲ್ಪ ಬೇಜಾರೂ ಆಯಿತು ಅವರಿಗೆ. ಲೆಕ್ಕಪತ್ರ ಬಲ್ಲವರೊಬ್ಬರು, ವಕೀಲರೊಬ್ಬರು, ರಂಗಮಂದಿರ ನಡೆಸಿ ಗೊತ್ತಿದ್ದವರೊಬ್ಬರು, ಮತ್ತೆ ನನ್ನ ನೃತ್ಯ ಅಷ್ಟೇನೂ ಹಿಡಿಸದ ಒಬ್ಬ ಹಿರಿಯ ನರ್ತಕಿ, ಇವರನ್ನು ಕೇಳಿಕೊಂಡೆ. ಈ ಕೊನೆಯವರೇ ಸಭೆಗಳಲ್ಲಿ ಜಾಸ್ತಿ ಕೆಲಸಕ್ಕೆ ಬಂದರು.

ಲಾಭರಹಿತ ಸಂಸ್ಥೆ ಅಂದ್ರೆ ಯಾರೂ ದುಡ್ಡು ತಗೊಳ್ಳಬಾರದು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಖರ್ಚು ಕಳೆದು ಉಳಿದದ್ದನ್ನು ನಡೆಸುವವರು ಹಂಚಿಕೊಳ್ಳುವಂತಿಲ್ಲ, ಸಂಸ್ಥೆಯ ಕೆಲಸಕ್ಕೇ ಹಾಕಬೇಕು, ಅಷ್ಟೇ. ದುಡಿದವರಿಗೆ ಸಂಬಳ ಕೊಡಬಹುದು. ರಿಹರ್ಸಲ್‌ಗೂ ಕೊಡಬೇಕು ಅನ್ನೋದು ನನ್ನ ಹಟ. ನನ್ನ ಸಂಬಳದ ಮಾತು ಬಂದಾಗ ನಾನು ಎದ್ದು ಹೊರಗೆ ಹೋಗುತ್ತೇನೆ. ಕುಣಿಯುವುದಕ್ಕೆ, ಹೊಸ ನೃತ್ಯ ಕಟ್ಟುವುದಕ್ಕೆ, ಸಂಸ್ಥೆ ನಡೆಸುವುದಕ್ಕೆ ಬೇರೆ ಬೇರೆ ಮೊತ್ತ ಬರೆಸಿದೆ. ಮೂರನ್ನೂ ಒಟ್ಟಿಗೆ ಬರೆದರೆ, ನಾಳೆ ಆ ಕೆಲಸಗಳಲ್ಲಿ ಒಂದಕ್ಕೆ ಬೇರೆಯವರು ಬಂದಾಗ ಎಷ್ಟು ಕೊಡಬೇಕು ಅಂತ ಯಾರಿಗೂ ತಿಳಿಯಲ್ಲ.

ಆಮೇಲೆ ಹಕ್ಕುಗಳ ವಿಷಯ. ಅಮೆರಿಕದ ನರ್ತಕಿ ಮಾರ್ಥಾ ಗ್ರಹಾಂ 1991ರಲ್ಲಿ ತೀರಿಕೊಂಡ ಮೇಲೆ ಏನಾಯಿತು ಅಂತ ಈ ರಂಗದಲ್ಲಿ ಇರುವವರಿಗೆ ಗೊತ್ತು. ಉಯಿಲಿನ ಪ್ರಕಾರ ನೃತ್ಯಗಳು ನನ್ನವು ಅಂತ ವಾರಸುದಾರರು, ನಮ್ಮವು ಅಂತ ಆಕೆ ಕಟ್ಟಿದ ಸಂಸ್ಥೆ. ಹಣದ ಮುಗ್ಗಟ್ಟೂ ಸೇರಿ 2000ರಲ್ಲಿ ತಂಡ ಪ್ರದರ್ಶನವನ್ನೇ ನಿಲ್ಲಿಸಬೇಕಾಯಿತು. 2002ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಬಹುಪಾಲು ನೃತ್ಯಗಳು ಸಂಸ್ಥೆಗೇ ಸೇರಿದ್ದು ಅಂದಿತು. ಅವುಗಳಲ್ಲಿ ಎಷ್ಟೋ ನೃತ್ಯಗಳ ಮಟ್ಟಿಗೆ ಕಾರಣ ಸರಳ: ಅವನ್ನು ಕಟ್ಟುವಾಗ ಗ್ರಹಾಂ ಅದೇ ಸಂಸ್ಥೆಯಿಂದ ಸಂಬಳ ಪಡೆಯುತ್ತಿದ್ದರು. ಅಲ್ಲಿನದೇ ಇನ್ನೊಬ್ಬ ನರ್ತಕ ಮರ್ಸ್ ಕನಿಂಗ್‌ಹ್ಯಾಮ್ ಹಾಗಾಗಲು ಬಿಡಲಿಲ್ಲ. 1953ರಲ್ಲಿ ಶುರುವಾದ ತಮ್ಮ ತಂಡ ತಮ್ಮ ನಂತರ ಎರಡು ವರ್ಷ ಪ್ರವಾಸ ಮಾಡಿ ಮುಚ್ಚಬೇಕು, ನೃತ್ಯಗಳ ಹಕ್ಕು ಟ್ರಸ್ಟ್ ಹತ್ತಿರ ಇರಬೇಕು ಅಂತ ಬದುಕಿದ್ದಾಗಲೇ ಗೊತ್ತು ಮಾಡಿದರು. 2009ರಲ್ಲಿ ಅವರು ಹೋದರು. 2011ರ ಡಿಸೆಂಬರ್ 31ರಂದು ತಂಡದ ಕೊನೆಯ ಪ್ರದರ್ಶನ ಆಯಿತು.

ಇವೆರಡನ್ನೂ ವಕೀಲರ ಮುಂದೆ ಇಟ್ಟೆ. ಹಳೆಯ ಸೋಲೋಗಳನ್ನೂ ಮುಂದೆ ಕಟ್ಟುವುದನ್ನೂ ಸಂಸ್ಥೆಗೇ ಬರೆದುಕೊಟ್ಟೆ. ನನಗೆ ಅಂತ ಉಳಿಸಿಕೊಂಡದ್ದು ಇಷ್ಟು: ಹೆಸರು ಹಾಕಬೇಕು, ನನ್ನನ್ನು ಕೇಳದೆ ನೃತ್ಯ ಕತ್ತರಿಸಬಾರದು, ಸಂಗೀತ ಬದಲಿಸಬಾರದು. ನನ್ನ ನಂತರ ಈ ಮಾತುಗಳನ್ನು ಯಾರು ನೋಡಿಕೊಳ್ಳಬೇಕು ಅನ್ನೋದೂ ಪತ್ರದಲ್ಲೇ ಇದೆ. ಸಂಗೀತದ ಹಕ್ಕು ಮಾತ್ರ ಬೇರೆ ಕಥೆ. ಸಂಯೋಜಕರು ಅನುಮತಿ ಕೊಟ್ಟಿದ್ದು ನನಗೆ, ಸಂಸ್ಥೆಗಲ್ಲ. ಒಬ್ಬೊಬ್ಬರನ್ನೂ ಮತ್ತೆ ಕೇಳಿ ಬರೆಸಿಕೊಂಡೆವು.

ಕಾಗದದ ಕೆಲಸ ಬೇಗ ಮುಗಿಯಿತು ಅನ್ನಬೇಕು. ಕಷ್ಟ ಇದ್ದಿದ್ದು ರಿಹರ್ಸಲ್ ಕೋಣೆಯಲ್ಲಿ.

ಒಬ್ಬರ ಮೈಗೆ ಹೊಲಿದ ನೃತ್ಯ ಇನ್ನೊಬ್ಬರಿಗೆ ಆಗುತ್ತದಾ? ಆಗುತ್ತದೆ, ಉದಾಹರಣೆಗಳಿವೆ. ಗ್ರಹಾಂ 1930ರಲ್ಲಿ ಮಾಡಿದ ‘ಲ್ಯಾಮೆಂಟೇಶನ್’ನಲ್ಲಿ ನರ್ತಕಿ ಬೆಂಚಿನ ಮೇಲೆ ಕೂತೇ ಇರುತ್ತಾರೆ. ಎಳೆದರೆ ಹಿಗ್ಗುವ ಬಟ್ಟೆಯ ಚೀಲದೊಳಗೆ ಇಡೀ ಮೈ. ಆಕೆ ತಮಗಾಗಿ ಮಾಡಿಕೊಂಡ ಅದನ್ನು ಇವತ್ತಿಗೂ ಬೇರೆಯವರು ಮಾಡುತ್ತಾರೆ. ಆಲ್ವಿನ್ ಐಲಿ 1971ರಲ್ಲಿ ಜ್ಯುಡಿತ್ ಜೇಮಿಸನ್ ಅವರಿಗಾಗಿ ಕಟ್ಟಿದ ‘ಕ್ರೈ’ ಕೂಡ ಹಾಗೇ ಕೈ ಬದಲಾಯಿಸಿದೆ.

ನನ್ನ ಸೋಲೋ ಕಲಿಯಲು ಬಂದವರು ನನಗಿಂತ ಎತ್ತರ. ಮೊದಲು ವಿಡಿಯೋ ನೋಡಿ ಕಲಿಯಲಿ ಅಂತ ಬಿಟ್ಟೆ. ಶ್ರದ್ಧೆಯಿಂದ ಕಲಿತು ಬಂದರು. ಒಂದು ಪ್ರದರ್ಶನದಲ್ಲಿ ನನ್ನ ಕಾಲು ಜಾರಿ, ನಾನು ಸುಧಾರಿಸಿಕೊಂಡಿದ್ದೆ. ಅದನ್ನೂ ಹೆಜ್ಜೆ ಅಂತ ಕಲಿತಿದ್ದರು! ನೋಡೋಕೆ ಚೆನ್ನಾಗೇ ಇತ್ತು, ಆದರೆ ಅದು ನೃತ್ಯ ಅಲ್ಲ, ಅಲ್ವಾ? ಪ್ರದರ್ಶನದ ವಿಡಿಯೋ ಕಲಿಯುವವರಿಗೆ ಅಷ್ಟಕ್ಕಷ್ಟೇ. ಬೆಳಕು ಕಮ್ಮಿ, ಕ್ಯಾಮೆರಾ ಮುಖದ ಹಿಂದೆಯೇ ಹೋಗುತ್ತದೆ, ಪಾದ ಕಾಣಲ್ಲ. ಆಮೇಲೆ ಟ್ಯೂಬ್‌ಲೈಟ್ ಬೆಳಕಿನಲ್ಲೇ ಬೇರೆಯಾಗಿ ಚಿತ್ರೀಕರಣ ಮಾಡಿದೆವು. ಒಂದು ಕ್ಯಾಮೆರಾ ಎದುರಿನಿಂದ ಇಡೀ ವೇದಿಕೆ ಹಿಡಿಯಿತು, ಇನ್ನೊಂದು ಹಿಂದಿನಿಂದ. ಹಿಂದಿನದೇ ಜಾಸ್ತಿ ಉಪಯೋಗ ಆಯಿತು, ಅದರಲ್ಲಿ ಎಡ ಎಡಕ್ಕೇ ಇರುತ್ತದೆ.

ಆ ಸೋಲೋದಲ್ಲಿ ನಿಂತಲ್ಲಿಂದ ಪಕ್ಕಕ್ಕೆ ಬಿದ್ದು, ಅದೇ ಉಸಿರಿನಲ್ಲಿ ಏಳುವ ಜಾಗವೊಂದಿದೆ. ಎಣಿಕೆ ಹೇಳಿಕೊಟ್ಟೆ, ಬರಲಿಲ್ಲ. ಉದ್ದನೆಯ ಮೈ ನೆಲ ಮುಟ್ಟಲು ನನಗಿಂತ ಹೆಚ್ಚು ಹೊತ್ತು ಬೇಕು. ಮಾಡಿ ತೋರಿಸಿದರೆ ನನ್ನ ಆಕಾರವನ್ನು ನಕಲು ಮಾಡುತ್ತಿದ್ದರು. ಆಗ ತೋರಿಸುವುದನ್ನೇ ಬಿಟ್ಟು, ಕೂತು ಮಾತಲ್ಲಿ ಹೇಳತೊಡಗಿದೆ. ಭಾರ ಮೊದಲು ಎಲ್ಲಿಂದ ಜಾರುತ್ತದೆ, ಉಸಿರು ಯಾವಾಗ ಬಿಡಬೇಕು, ಕಣ್ಣು ಎಲ್ಲಿರಬೇಕು. ಹೇಳುತ್ತಾ ಹೋದಾಗ ಒಂದು ಪಟ್ಟಿ ತಾನಾಗೇ ಆಯಿತು. ಒಂದು ಕಡೆ ಬದಲಾಗಲೇಬಾರದ್ದು: ಭಾರದ ದಾರಿ, ನೋಟದ ದಿಕ್ಕು, ಸಂಗೀತ ನಿಲ್ಲುವ ಕ್ಷಣ. ಇನ್ನೊಂದು ಕಡೆ ಕುಣಿಯುವವರಿಗೆ ಬಿಟ್ಟಿದ್ದು: ಕೈ ಎಷ್ಟು ಎತ್ತರ, ಕಾಲು ಎಷ್ಟು ದೂರ, ಎಷ್ಟು ಹೊತ್ತು ನೆಲದಲ್ಲಿ. ಈಗ ಪ್ರತಿ ನೃತ್ಯಕ್ಕೂ ಈ ಪಟ್ಟಿ ಇದೆ. ಲೈಟು ಯಾವಾಗ ಬದಲಾಗಬೇಕು ಅನ್ನುವ ಕ್ಯೂ ಶೀಟ್, ಉಡುಪಿನ ಅಳತೆ, ನೆಲಕ್ಕೆ ಟೇಪ್ ಅಂಟಿಸುವ ನಕ್ಷೆ ಎಲ್ಲವೂ ಅದೇ ಫೈಲಿನಲ್ಲಿವೆ.

ರುಡಾಲ್ಫ್ ಲಾಬಾನ್ 1928ರಲ್ಲಿ ಪ್ರಕಟಿಸಿದ ನೃತ್ಯಲಿಪಿಯಲ್ಲೂ ಒಂದು ಸೋಲೋವನ್ನು ಬರೆಸಿದೆವು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಗುರುತು ಉದ್ದವಿದ್ದಷ್ಟೂ ಚಲನೆ ನಿಧಾನ. ತುಂಬಾ ಕರಾರುವಾಕ್ಕು, ಆದರೆ ಬರೆಯಬಲ್ಲವರು ಕಮ್ಮಿ, ಖರ್ಚೂ ಜಾಸ್ತಿ. ಉಳಿದವಕ್ಕೆ ವಿಡಿಯೋ ಮತ್ತು ಪಟ್ಟಿಯೇ ಗತಿ.

ದುಡ್ಡಿನ ವಿಷಯ ಹೇಳಲೇಬೇಕು. ಟಿಕೆಟ್ಟಿನಿಂದ ನಮ್ಮ ಖರ್ಚು ಯಾವತ್ತೂ ಹುಟ್ಟಿಲ್ಲ. ತರಗತಿಗಳು, ದೇಣಿಗೆ, ಅನುದಾನ ಸೇರಿದರೆ ಸರಿಹೋಗುತ್ತದೆ. ನಾನು ಕಂಡ ಅನುದಾನಗಳಲ್ಲಿ ಹೆಚ್ಚಿನವು ಹೊಸ ನೃತ್ಯಕ್ಕೆ. ಹಳೆಯ ಸೋಲೋವನ್ನು ಇನ್ನೊಬ್ಬರಿಗೆ ಕಲಿಸುತ್ತೇವೆ ಅಂದರೆ ಕೊಡುವವರು ವಿರಳ. ಜೊತೆಗೆ, ಒಂದು ಕೆಲಸಕ್ಕೆ ಅಂತ ಕೊಟ್ಟ ಹಣವನ್ನು ಇನ್ನೊಂದಕ್ಕೆ ಮುಟ್ಟುವಂತಿಲ್ಲ. ಹಾಗಾಗಿ ಕಲಿಸುವ ಕೆಲಸವನ್ನು ಷರತ್ತಿಲ್ಲದ ದೇಣಿಗೆಯಿಂದ ಮಾಡಿಸುತ್ತೇವೆ.

ಮಂಡಳಿ ನನಗೆ ಇಲ್ಲ ಅಂದದ್ದೂ ಇದೆ. ದೊಡ್ಡ ಗುಂಪಿನ ಹೊಸ ಕೃತಿಯೊಂದನ್ನು ಶುರು ಮಾಡಬೇಕು ಅಂದಾಗ, ಕೈಯಲ್ಲಿರುವ ಹಣ ರಿಹರ್ಸಲ್ ಸಂಬಳಕ್ಕೆ ಸಾಲದು ಅಂತ ನಿಲ್ಲಿಸಿದರು. ನನಗೆ ಈಗಲೂ ಆ ತೀರ್ಮಾನ ಒಪ್ಪಿಗೆಯಿಲ್ಲ. ಆದರೆ ಸಹಿ ಮಾಡಿ ಅಧಿಕಾರ ಕೊಟ್ಟವರು ನಾವೇ ತಾನೇ. ನರ್ತಕ ಹೊಸೆ ಲಿಮೋನ್ 1946ರಲ್ಲಿ ತಮ್ಮ ತಂಡ ಕಟ್ಟಿದಾಗ ಕಲಾ ನಿರ್ದೇಶಕರ ಸ್ಥಾನವನ್ನು ತಮ್ಮ ಗುರು ಡೋರಿಸ್ ಹಂಫ್ರಿ ಅವರಿಗೆ ಕೊಟ್ಟಿದ್ದರು. 1972ರಲ್ಲಿ ಲಿಮೋನ್ ಹೋದ ಮೇಲೂ ತಂಡ ನಿಲ್ಲಲಿಲ್ಲ. ಇದನ್ನು ಮಂಡಳಿಯ ಆ ಹಿರಿಯ ನರ್ತಕಿ ನನಗೆ ನೆನಪಿಸುತ್ತಲೇ ಇರುತ್ತಾರೆ.

ಒಂದು ಸೋಲೋ ಮಾತ್ರ ಆ ಹಕ್ಕುಪತ್ರದಿಂದ ಹೊರಗಿದೆ. ಅದರಲ್ಲಿ ಗೊತ್ತಾದ ಹೆಜ್ಜೆಗಳಿಲ್ಲ, ವೇದಿಕೆಯ ಮೇಲೇ ಹುಟ್ಟಬೇಕು. ಪಟ್ಟಿ ಮಾಡಲು ಕೂತರೆ ‘ಬದಲಾಗಬಾರದ್ದು’ ಅನ್ನುವ ಕಡೆ ಬರೆಯಲು ಏನೂ ಸಿಗಲಿಲ್ಲ. ಮಂಡಳಿಯವರು ಅದನ್ನೂ ಕೇಳುತ್ತಿದ್ದಾರೆ. ನಾನು ಇನ್ನೂ ಒಪ್ಪಿಲ್ಲ.