'ಎನಿವನ್' ಎಲ್ಲಿ, 'ನೋಬಡಿ' ಎಲ್ಲಿ: ಚೀನೀ ವಿದ್ಯಾರ್ಥಿಗಳಿಗೆ ಹೇಳಿಕೊಡುವವರಿಗೆ

'ಎನಿವನ್' ಬರೆಯುವ ಮುನ್ನ 'ನಾಟ್' ಎಲ್ಲಿ ಬೀಳುತ್ತದೆ ಅಂತ ವಿದ್ಯಾರ್ಥಿಯಿಂದಲೇ ನೋಡಿಸಿ. ಮೊದಲೇ ಬಂದಿದ್ದರೆ ಸರಿ: 'ಐ ಡಿಡ್ ನಾಟ್ ಸೀ ಎನಿವನ್'. ಆಮೇಲೆ ಬರುವಂತಿದ್ದರೆ ಎರಡನ್ನೂ ತೆಗೆದು 'ನೋಬಡಿ' ಹಾಕಿಸಿ, ಕ್ರಿಯಾಪದವನ್ನು 'ನೋಬಡಿ ನೋಸ್' ಅನ್ನುವಂತೆ ಏಕವಚನದಲ್ಲೇ ಇಡಿಸಿ. ಚೀನೀಯ 'ಶೇ ದೋ ಬು ಝಿದಾವ್' (ಯಾರಿಗೂ ಗೊತ್ತಿಲ್ಲ) ವಾಕ್ಯದಲ್ಲಿ 'ಯಾರು' ಅನ್ನುವ 'ಶೇ' ಮೊದಲು, ನಿಷೇಧದ 'ಬು' ಆಮೇಲೆ. ಅದೇ ಸಾಲಿನಲ್ಲಿ ಇಂಗ್ಲಿಷಿಗೆ ಇಳಿಸಿದರೆ 'ಎನಿವನ್ ಡಸ್ ನಾಟ್ ನೋ' ಎಂಬ ತಪ್ಪು ವಾಕ್ಯ ಬರುತ್ತದೆ. ಇಂಗ್ಲಿಷಿನಲ್ಲಿ ನಿಷೇಧ 'ಎನಿ'ಗಿಂತ ಮೊದಲೇ ಬರಬೇಕು. (ನಮ್ಮ 'ಯಾರೂ ಬರಲಿಲ್ಲ' ಕೂಡ ಇದೇ ಜೋಡಣೆ, ಹಾಗಾಗಿ ಕನ್ನಡದ ಮಕ್ಕಳಿಗೂ ಈ ಪರೀಕ್ಷೆ ನಡೆಯುತ್ತದೆ.) 'ನಾಟ್' ಇಲ್ಲದ 'ಎನಿವನ್ ಕ್ಯಾನ್ ಲರ್ನ್'ಗೆ ಇದು ಬೇಕಿಲ್ಲ, ಅಲ್ಲಿ ಅರ್ಥ 'ಯಾರು ಬೇಕಾದರೂ'. ಈ ಪರೀಕ್ಷೆ ಕೈಕೊಡುವುದು ಎರಡು ಕಡೆ. 'ಎನಿವನ್ ಹೂ ಡಸ್ ನಾಟ್ ಹ್ಯಾವ್ ಎ ಟಿಕೆಟ್ ಮಸ್ಟ್ ವೇಟ್' ಸರಿಯಾದ ವಾಕ್ಯವೇ, ಏಕೆಂದರೆ ಆ 'ನಾಟ್' ಒಳಗಿನ ಉಪವಾಕ್ಯದ್ದು. ಇನ್ನು ಚೀನೀಯಲ್ಲಿ 'ಬು ಶಿ' ಮೊದಲೇ ಬಂದು 'ಬು ಶಿ ಶೇ ದೋ' (ಎಲ್ಲರೂ ಅಲ್ಲ, ಕೆಲವರು ಮಾತ್ರ) ಅಂತಿದ್ದರೆ 'ನೋಬಡಿ' ಅರ್ಥವನ್ನೇ ಕೆಡಿಸುತ್ತದೆ. 'ನಾಟ್ ಎವ್ರಿವನ್' ಬರೆಸಿ.