ವಾಂಗೀಬಾತ್ ಕೆಡದಿರಬೇಕಾದರೆ ಮೊದಲು ಮಾರುಕಟ್ಟೆಗೆ ಹೋಗಿ

ಮೈಸೂರಿನ ಮನೆಗಳಲ್ಲೂ ಈಗ ವಾಂಗೀಬಾತ್ ಕೆಡುತ್ತಿದೆ. ನೆಂಟರ ಮನೆಯಲ್ಲಿ, ನಾಮಕರಣದ ಊಟದಲ್ಲಿ, ಆಫೀಸಿನ ಡಬ್ಬಿಗಳಲ್ಲಿ ನೋಡುತ್ತಲೇ ಇದ್ದೇನೆ. ಬದನೆಕಾಯಿ ಮುದ್ದೆಯಾಗಿರುತ್ತದೆ. ಅನ್ನ ಅಂಟಿಕೊಂಡಿರುತ್ತದೆ. ಪುಡಿ ಹಸಿ ವಾಸನೆ ಹೊಡೆಯುತ್ತದೆ. ಮಾಡಿದವರು ಒಗ್ಗರಣೆಯ ಮೇಲೆ ತಪ್ಪು ಹೊರಿಸುತ್ತಾರೆ. ಆದರೆ ಒಗ್ಗರಣೆ ಹಾಕುವ ಹೊತ್ತಿಗೆ ಕೆಡುವುದೆಲ್ಲ ಕೆಟ್ಟು ಆಗಿರುತ್ತದೆ. ಅರ್ಧ ಕೆಡುವುದು ಸಾಮಾನು ಕೊಳ್ಳುವಾಗ, ಇನ್ನರ್ಧ ಪುಡಿಗೆ ಹುರಿಯುವಾಗ. ಹಾಗಾಗಿ ಈ ಎರಡನ್ನೇ ಬಿಡಿಸಿ ಹೇಳುತ್ತೇನೆ. ಉಳಿದದ್ದು ಸುಲಭ.

ಇಲ್ಲಿ ಕೊಟ್ಟಿರುವ ಅಳತೆ ಎರಡು ಲೋಟ ಅಕ್ಕಿಗೆ. ನಾಲ್ಕು ಜನಕ್ಕೆ ಸಾಕು.

1. ಬದನೆಕಾಯಿ

ಹಸಿರು ಬದನೆಯನ್ನೇ ತನ್ನಿ. ನೇರಳೆ ಬದನೆ ಎಣ್ಣೆಗಾಯಿಗೆ ಚೆನ್ನ, ಬಾತ್‌ಗೆ ಬೇಡ. ಅದರ ಸಿಪ್ಪೆ ಬೆಂದು ಕಪ್ಪಾಗುತ್ತದೆ, ಬಾತ್‌ನ ಬಣ್ಣವೂ ಮಂಕಾಗುತ್ತದೆ. ಮೈಸೂರಿನಲ್ಲಿ ಹೆಸರು ಮಾಡಿದ್ದು ಈರನಗೆರೆ ಬದನೆ. ಈರನಗೆರೆ ಈಗ ಮನೆಗಳೇ ತುಂಬಿದ ಬಡಾವಣೆ. ಕಾಯಿ ಸುತ್ತಲ ಹಳ್ಳಿಗಳಿಂದ ಬರುತ್ತದೆ. ದೇವರಾಜ ಮಾರುಕಟ್ಟೆಯಲ್ಲಾಗಲಿ, ಎಂ.ಜಿ. ರಸ್ತೆಯ ತರಕಾರಿ ಮಾರುಕಟ್ಟೆಯಲ್ಲಾಗಲಿ ಬೆಳಿಗ್ಗೆ ಬೇಗ ಹೋಗಿ, ಹೆಸರು ಹೇಳಿ ಕೇಳಿ. ಸಿಗದಿದ್ದರೆ ಬೇರೆ ಹಸಿರು ಬದನೆಯೂ ಆಗುತ್ತದೆ, ಆದರೆ ಎಳೆಯದಿರಬೇಕು.

ಎಳೆಯದು ಅಂತ ಗೊತ್ತಾಗುವುದು ಹೇಗೆ? ಸಿಪ್ಪೆ ಹೊಳೆಯುತ್ತಿರಬೇಕು. ತೊಟ್ಟು ಹಸಿರಾಗಿ, ಕಾಯಿಗೆ ಬಿಗಿಯಾಗಿ ಅಂಟಿಕೊಂಡಿರಬೇಕು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ತಗ್ಗು ಬಿದ್ದು ಮತ್ತೆ ಎದ್ದು ಬರಬೇಕು. ಒತ್ತಿದ ಗುರುತು ಹಾಗೇ ಉಳಿದರೆ ಹಳೆಯದು. ಒಂದೇ ಗಾತ್ರದ ಎರಡು ಕಾಯಿಯಲ್ಲಿ ಹಗುರವಾದದ್ದನ್ನು ಆರಿಸಿ, ಬೀಜ ಕಡಿಮೆ ಇರುತ್ತದೆ. ಹಳದಿ ತಿರುಗಿದ್ದನ್ನು ಮುಟ್ಟಲೇಬೇಡಿ, ಬೀಜ ಕಹಿ. ತೊಟ್ಟಿನ ಹತ್ತಿರ ಸೂಜಿಯಲ್ಲಿ ಚುಚ್ಚಿದಂಥ ತೂತು ಇದ್ದರೆ ಒಳಗೆ ಹುಳು ಇರುತ್ತದೆ. "ಅಣ್ಣ, ಒಂದೊಂದೇ ಆರಿಸ್ಕೊಳ್ತೀನಿ" ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಅವರೇ ಕೈಗೆ ಸಿಕ್ಕಿದ್ದನ್ನು ತಕ್ಕಡಿಗೆ ಸುರಿಯಲು ಬಿಡಬೇಡಿ. ನಾನೂರು ಗ್ರಾಂ ಸಾಕು.

ತಂದ ದಿನವೇ ಮಾಡಿ. ಫ್ರಿಜ್ಜಿನ ಚಳಿ ಬದನೆಗೆ ಆಗುವುದಿಲ್ಲ. ಕೆಲವೇ ದಿನದಲ್ಲಿ ಸಿಪ್ಪೆ ಗುಳಿ ಬೀಳುತ್ತದೆ, ಬೀಜ ಕಂದುತ್ತದೆ.

2. ಮೆಣಸಿನಕಾಯಿ

ಬಾತ್‌ನ ಬಣ್ಣ ಬ್ಯಾಡಗಿ ಮೆಣಸಿನಕಾಯಿಯಿಂದಲೇ ಬರಬೇಕು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ ಈ ಮೆಣಸಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಇದರಲ್ಲಿ ಎರಡು ಬಗೆ. ಡಬ್ಬಿ ಗಿಡ್ಡ, ದಪ್ಪ, ಬಣ್ಣ ಜಾಸ್ತಿ. ಕಡ್ಡಿ ಉದ್ದ, ತೆಳು, ಮೈತುಂಬ ಸುಕ್ಕು. ಅಂಗಡಿಗಳಲ್ಲಿ ಕಡ್ಡಿಯೇ ಹೆಚ್ಚು ಸಿಗುತ್ತದೆ, ಅದೂ ಒಳ್ಳೆಯದೇ. ಡಬ್ಬಿ ಕಂಡರೆ ಮಾತ್ರ ಬೆಲೆ ನೋಡದೆ ಅರ್ಧ ಕೆಜಿ ತಂದಿಡಿ.

ಮೈಸೂರಿನ ಸಂತೆಪೇಟೆಯ ಅಂಗಡಿಗಳಲ್ಲಿ ಚೀಲ ತೆರೆದಿಟ್ಟಿರುತ್ತಾರೆ. ಕೈ ಹಾಕಿ ನೋಡಿ. ಒಂದು ಕಾಯಿ ಬಗ್ಗಿಸಿ. ಒಣಗಿದ್ದರೆ ಚಟ್ ಅಂತ ಮುರಿಯುತ್ತದೆ. ರಬ್ಬರಿನ ಹಾಗೆ ಬಾಗಿದರೆ ತೇವ ಇದೆ. ಕೆಲವರು ತೂಕ ಬರಲಿ ಅಂತ ನೀರು ಚಿಮುಕಿಸುತ್ತಾರೆ. ಅಂಥದ್ದು ಮನೆಗೆ ತಂದರೆ ಬೂಸ್ಟು ಹಿಡಿಯುತ್ತದೆ. ಮುರಿದ ಕಾಯಿಯ ಒಳಗೂ ಕಣ್ಣು ಹಾಯಿಸಿ, ಬೂದು ಪುಡಿ ಕಂಡರೆ ಬಿಟ್ಟುಬಿಡಿ. ಮಾಸಿದ ಇಟ್ಟಿಗೆ ಬಣ್ಣದ್ದು ಹಳೇ ವರ್ಷದ ಸರಕು. ಹೊಸ ಬೆಳೆ ಜನವರಿಯಿಂದ ಬರಲು ಶುರುವಾಗುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕೊಂಡು, ಬಿಸಿಲಿಗೆ ಹಾಕಿ ಡಬ್ಬ ತುಂಬಿಟ್ಟುಕೊಳ್ಳುವ ಹಳೇ ರೂಢಿ ಬಿಡಬೇಡಿ.

ಬ್ಯಾಡಗಿಗೆ ಖಾರ ಕಡಿಮೆ. ಅದಕ್ಕೆ ಇಪ್ಪತ್ತು ಬ್ಯಾಡಗಿಗೆ ನಾಲ್ಕು ಗುಂಟೂರು ಸೇರಿಸಿ. ಬರೀ ಗುಂಟೂರು ಹಾಕಿದರೆ ಕಣ್ಣಲ್ಲಿ ನೀರು ಬರುತ್ತದೆಯೇ ಹೊರತು ಬಣ್ಣ ಬರುವುದಿಲ್ಲ. ಕೊನೆಗೆ ಅಚ್ಚಖಾರದ ಪುಡಿ ಸುರಿದು ಬಣ್ಣ ಬರಿಸುವ ಅಡ್ಡದಾರಿ ಬೇಡವೇ ಬೇಡ. ಹಸಿ ಖಾರ ಹಾಗೇ ನಾಲಿಗೆಗೆ ಸಿಗುತ್ತದೆ.

3. ಉಳಿದ ಒಣ ಸಾಮಾನು

ಪುಡಿಗೆ ಕಡ್ಲೆಬೇಳೆ ನಾಲ್ಕು ಚಮಚ, ಉದ್ದಿನಬೇಳೆ ಎರಡು, ಧನಿಯಾ ನಾಲ್ಕು, ಮೆಂತ್ಯ ಕಾಲು ಟೀ ಚಮಚ, ಬೆರಳುದ್ದದ ಎರಡು ಚಕ್ಕೆ, ಎಂಟು ಲವಂಗ, ನಾಲ್ಕು ಮರಾಠಿ ಮೊಗ್ಗು, ಒಂದು ಟೀ ಚಮಚ ಗಸಗಸೆ, ಕಾಲು ಬಟ್ಟಲು ಕೊಬ್ಬರಿ ತುರಿ. ಇದರಲ್ಲಿ ಮೋಸ ಹೋಗುವುದು ಲವಂಗ ಮತ್ತು ಕೊಬ್ಬರಿಯಲ್ಲಿ.

ಎಣ್ಣೆ ತೆಗೆದ ಲವಂಗವೂ ಮಾರಾಟಕ್ಕೆ ಬರುತ್ತದೆ. ತಲೆಯ ಗುಂಡು ಉದುರದೆ ಇರಬೇಕು, ಉಗುರಿನಿಂದ ಒತ್ತಿದರೆ ಎಣ್ಣೆ ಜಿನುಗಬೇಕು. ನೀರಿಗೆ ಹಾಕಿದರೆ ಒಳ್ಳೆಯದು ಮುಳುಗುತ್ತದೆ, ಇಲ್ಲವೇ ನೆಟ್ಟಗೆ ನಿಲ್ಲುತ್ತದೆ. ಅಡ್ಡಡ್ಡ ತೇಲಿದರೆ ಸತ್ವ ಹೋಗಿದೆ. ಕೊಬ್ಬರಿಯನ್ನು ಗಿಟುಕಾಗಿಯೇ ತಂದು ಮನೆಯಲ್ಲಿ ತುರಿಯಿರಿ. ತಿಪಟೂರಿನ ಕೊಬ್ಬರಿ ನಮಗೆ ಇಷ್ಟು ಹತ್ತಿರದಲ್ಲಿ ಸಿಗುವಾಗ ಪ್ಯಾಕೆಟ್ಟಿನ ಒಣ ಪುಡಿ ಯಾಕೆ? ಆ ಪುಡಿಯಲ್ಲಿ ಘಮವೂ ಇಲ್ಲ, ಜಿಡ್ಡೂ ಇಲ್ಲ. ಗಿಟುಕು ಮೂಸಿ ನೋಡಿ, ಕಮಟು ವಾಸನೆ ಇರಬಾರದು.

ಮರಾಠಿ ಮೊಗ್ಗು ಬಿಡಬೇಡಿ. ಅದಿಲ್ಲದಿದ್ದರೆ ಅದು ಬದನೆಕಾಯಿ ಚಿತ್ರಾನ್ನ, ವಾಂಗೀಬಾತ್ ಅಲ್ಲ. ಗರಂ ಮಸಾಲೆ ಅದರ ಜಾಗ ತುಂಬುವುದಿಲ್ಲ.

4. ಹುರಿಯುವುದು

ಇಲ್ಲಿ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಫೋನ್ ಪಕ್ಕಕ್ಕಿಡಿ. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದು ಜೋರು ಉರಿಯಲ್ಲಿ ಕೈಯಾಡಿಸುವುದೇ ಎಲ್ಲರೂ ಮಾಡುವ ತಪ್ಪು. ಕಡ್ಲೆಬೇಳೆ ಒಳಗಿನವರೆಗೆ ಹುರಿಯಲು ಹೊತ್ತು ಬೇಕು. ಅಷ್ಟರಲ್ಲಿ ಮೆಂತ್ಯ ಸೀದು ಕಹಿಯಾಗಿರುತ್ತದೆ, ಮೆಣಸಿನಕಾಯಿ ಕಪ್ಪಾಗಿರುತ್ತದೆ.

ದಪ್ಪ ತಳದ ಬಾಣಲೆ, ಸಣ್ಣ ಉರಿ. ಮೊದಲು ಕಡ್ಲೆಬೇಳೆ, ನಾಲ್ಕು ಹನಿ ಎಣ್ಣೆಯ ಜೊತೆ. ಹೊಂಬಣ್ಣ ಬಂದು ಕಾಳಿನ ಅಂಚು ಕೆಂಪಾಗಬೇಕು. ಒಂದು ಬೇಳೆ ಬಾಯಿಗೆ ಹಾಕಿ ಕಡಿಯಿರಿ, ಕಟುಮ್ ಅನ್ನಬೇಕು. ಹಲ್ಲಿಗೆ ಮೆತ್ತಿದರೆ ಇನ್ನೂ ಹಸಿ. ಬಾತ್‌ನಲ್ಲಿ ಬರುವ ಹಸಿ ವಾಸನೆ ಬಹಳ ಸಲ ಈ ಬೇಳೆಯದೇ. ತೆಗೆದು ಅಗಲ ತಟ್ಟೆಗೆ ಹಾಕಿ. ಆಮೇಲೆ ಉದ್ದಿನಬೇಳೆ, ಇದು ಬೇಗ ಆಗುತ್ತದೆ. ಅದು ಕೆಂಪಾಗುವ ಹೊತ್ತಿಗೆ ಮೆಂತ್ಯ ಹಾಕಿ, ಬಣ್ಣ ತಿರುಗಿದ ತಕ್ಷಣ ಇಳಿಸಿ.

ಧನಿಯಾಗೆ ಎಣ್ಣೆ ಬೇಡ. ಚಟಪಟ ಸದ್ದು ಬಂದು, ಅಡುಗೆಮನೆಯ ಬಾಗಿಲಿನವರೆಗೆ ಘಮ ಹೋದರೆ ಸಾಕು. ಕಂದು ಬಣ್ಣ ಬರುವವರೆಗೆ ಕಾಯಬೇಡಿ. ನಂತರ ಚಕ್ಕೆ, ಲವಂಗ, ಮೊಗ್ಗು ಅರ್ಧ ಚಮಚ ಎಣ್ಣೆಯಲ್ಲಿ. ಲವಂಗ ಉಬ್ಬಿದ ಕೂಡಲೇ ತೆಗೆಯಿರಿ. ಮರಾಠಿ ಮೊಗ್ಗನ್ನು ಮೊದಲೇ ಕುಟ್ಟಿ ಎರಡು ಚೂರು ಮಾಡಿಕೊಂಡಿದ್ದರೆ ಒಳಗಿನವರೆಗೂ ಬಿಸಿ ತಾಗುತ್ತದೆ.

ಮೆಣಸಿನಕಾಯಿ ಕೊನೆಗೆ. ತೊಟ್ಟು ಮುರಿದು, ಅರ್ಧ ಚಮಚ ಎಣ್ಣೆ ಸವರಿ, ಉರಿಯನ್ನು ಇನ್ನೂ ಇಳಿಸಿ ಹಾಕಿ. ಕೈ ಬಿಡದೆ ಆಡಿಸುತ್ತಿರಿ. ಕಾಯಿ ಉಬ್ಬುತ್ತದೆ, ಕೆಂಪು ಇನ್ನಷ್ಟು ಗಾಢವಾಗಿ ಮಿನುಗುತ್ತದೆ. ಅಲ್ಲಿಗೆ ನಿಲ್ಲಿಸಿ. ನಿಮಗೆ ಕೆಮ್ಮು ಬಂತು ಅಂದರೆ ಆಗಲೇ ಹೆಚ್ಚಾಗಿದೆ. ಕಪ್ಪು ಕಲೆ ಬಿದ್ದ ಕಾಯಿಗಳನ್ನು ಆರಿಸಿ ಎಸೆಯಿರಿ, ಎರಡೇ ಕಾಯಿ ಸೀದರೂ ಇಡೀ ಪುಡಿಗೆ ಆ ಕಹಿ ಬರುತ್ತದೆ. ತಣಿದ ಮೇಲೆ ಒಂದು ಕಾಯಿ ಹಿಚುಕಿ ನೋಡಿ, ಗರಿಗರಿಯಾಗಿ ಪುಡಿಯಾಗಬೇಕು.

ಒಲೆ ಆರಿಸಿ. ಬಾಣಲೆಯಲ್ಲಿ ಉಳಿದ ಬಿಸಿಗೇ ಗಸಗಸೆ, ಕೊಬ್ಬರಿ ಹಾಕಿ ಕೈಯಾಡಿಸಿ. ಅವಕ್ಕೆ ಅಷ್ಟು ಕಾವು ಸಾಕು. ಒಂದು ಚಿಟಿಕೆ ಇಂಗೂ ಈಗಲೇ.

ಎಲ್ಲವೂ ಪೂರ್ತಿ ಆರಲಿ. ಬೆಚ್ಚಗಿದ್ದಾಗ ಮಿಕ್ಸಿಗೆ ಹಾಕಿದರೆ ಆವಿ ಕಟ್ಟಿ ಪುಡಿ ಗಂಟಾಗುತ್ತದೆ. ಮೊದಲು ಮೆಣಸಿನಕಾಯಿ, ಆಮೇಲೆ ಬೇಳೆ ಮತ್ತು ಮಸಾಲೆ, ಕೊನೆಗೆ ಕೊಬ್ಬರಿ, ಗಸಗಸೆ. ಒಂದೇ ಸಮನೆ ಓಡಿಸಬೇಡಿ, ಬಿಟ್ಟು ಬಿಟ್ಟು ತಿರುಗಿಸಿ. ಸ್ವಲ್ಪ ತರಿಯಾಗಿರಲಿ. ಮಿಲ್ಲಿಗೆ ಕೊಡಬೇಡಿ, ನಿಮಗಿಂತ ಮುಂಚೆ ಬೀಸಿದ ಹಿಟ್ಟು ಸೇರಿಕೊಳ್ಳುತ್ತದೆ.

5. ಅನ್ನ

ಒಂದು ವರ್ಷ ಹಳೆಯದಾದ ಸೋನಾ ಮಸೂರಿ, ಉದುರುದುರಾಗಿ ಮಾಡಿ, ಪರಾತದಲ್ಲಿ ಹರಡಿ ಒಂದು ಚಮಚ ಎಣ್ಣೆ ಹಾಕಿ ಆರಿಸಿ. ಬಾಸ್ಮತಿ ಬೇಡ.

6. ಗೊಜ್ಜು

ಬದನೆಕಾಯಿಯನ್ನು ಉದ್ದುದ್ದ ಹೆಚ್ಚಿ ಉಪ್ಪು ನೀರಿಗೆ ಹಾಕಿ, ಕಪ್ಪಾಗುವುದಿಲ್ಲ. ಬಾಣಲೆಗೆ ಹಾಕುವ ಮುಂಚೆ ನೀರು ಚೆನ್ನಾಗಿ ಬಸಿಯಿರಿ.

ಗಾಣದ ಕಡ್ಲೆಕಾಯಿ ಎಣ್ಣೆ ಐದು ಚಮಚ. ಜಿಪುಣತನ ಮಾಡಬೇಡಿ, ಎಣ್ಣೆ ಕಡಿಮೆಯಾದರೆ ನೀರು ಹಾಕಬೇಕಾಗುತ್ತದೆ, ಬದನೆ ಮುದ್ದೆಯಾಗುವುದೇ ಆ ನೀರಿನಿಂದ. ಸಾಸಿವೆ, ಕಡ್ಲೆಬೇಳೆ, ಉದ್ದಿನಬೇಳೆ, ಕಡ್ಲೆಕಾಯಿ ಬೀಜ, ಕರಿಬೇವು ಒಗ್ಗರಣೆ ಹಾಕಿ, ಬದನೆ, ಅರಿಶಿನ, ಉಪ್ಪು ಸೇರಿಸಿ. ಮುಚ್ಚಳ ಮುಚ್ಚಬೇಡಿ. ಹದ ಉರಿಯಲ್ಲಿ ಆಗಾಗ ಮಗುಚುತ್ತಿರಿ, ಸೌಟು ಜೋರಾಗಿ ತಿರುಗಿಸಬೇಡಿ.

ಹುಣಸೆಹಣ್ಣು ಯಾವಾಗ ಹಾಕಬೇಕು ಅನ್ನುವುದು ಮುಖ್ಯ. ಹುಳಿ ಬಿದ್ದ ಮೇಲೆ ತರಕಾರಿ ಬೇಗ ಮೆತ್ತಗಾಗುವುದಿಲ್ಲ. ಮೊದಲೇ ಹಾಕಿದರೆ ಬದನೆ ಗಟ್ಟಿಯಾಗಿಯೇ ಉಳಿಯುತ್ತದೆ. ಮುಕ್ಕಾಲು ಬೆಂದಾಗ ಹಾಕಿದರೆ ಹೋಳು ಬೆಂದೂ ಇರುತ್ತದೆ, ಒಡೆಯುವುದೂ ಇಲ್ಲ. ಸಣ್ಣ ನಿಂಬೆ ಗಾತ್ರದ ಹುಣಸೆಯ ಗಟ್ಟಿ ರಸ ಸಾಕು. ಜೊತೆಗೆ ಒಂದು ಚೂರು ಮಂಡ್ಯದ ಬೆಲ್ಲ. ಕಂದು ಬಣ್ಣದ್ದನ್ನೇ ಕೊಳ್ಳಿ. ಬಿಳಿಚಿಕೊಂಡ ಹಳದಿ ಅಚ್ಚುಗಳಿಗೆ ಎಷ್ಟೋ ಸಲ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿ ಬಣ್ಣ ತೆಗೆದಿರುತ್ತಾರೆ. ನೋಡಲು ಚೆಂದ, ತಿನ್ನಲು ಬೇಡ.

ರಸ ಹೀರಿಕೊಂಡ ಮೇಲೆ ಪುಡಿ ನಾಲ್ಕು ಚಮಚ ಹಾಕಿ ಎರಡು ನಿಮಿಷ ಬಾಡಿಸಿ. ಅಂಚಿನಲ್ಲಿ ಎಣ್ಣೆ ಬಿಟ್ಟರೆ ಆಯಿತು.

7. ಕಲೆಸುವುದು

ಆರಿದ ಅನ್ನಕ್ಕೆ ಗೊಜ್ಜು ಹಾಕಿ ಕೈಯಿಂದಲೇ ಕಲೆಸಿ, ಮೇಲೆ ಒಂದು ಚಮಚ ತುಪ್ಪ ಹಾಕಿ, ಕಾಲು ಗಂಟೆ ಮುಚ್ಚಿಡಿ. ನಂಚಿಕೊಳ್ಳಲು ಸೌತೆಕಾಯಿ ಮೊಸರು ಬಜ್ಜಿ.

ಪುಡಿ ಇನ್ನೊಂದೆರಡು ಸಲಕ್ಕೆ ಆಗುವಷ್ಟು ಉಳಿಯುತ್ತದೆ. ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ, ಒದ್ದೆ ಚಮಚ ಹಾಕಬೇಡಿ. ಕೊಬ್ಬರಿ ಇರುವುದರಿಂದ ಎರಡು ತಿಂಗಳೊಳಗೆ ಮುಗಿಸಿ. ಹಾಗಲಕಾಯಿ ಪಲ್ಯಕ್ಕೆ, ಕ್ಯಾಪ್ಸಿಕಂ ಬಾತ್‌ಗೆ ಇದೇ ಪುಡಿ ಚೆನ್ನಾಗಿರುತ್ತದೆ. ಬಿಸಿಬೇಳೆಬಾತ್‌ಗೆ ಮಾತ್ರ ಹಾಕಬೇಡಿ, ಅದರ ಅಳತೆಯೇ ಬೇರೆ.